ಪೆಟ್ಟಿಗೆಯಲ್ಲಿ ಬರುವ ಸೈಕಲ್ಲು: ಕೊಳ್ಳುವ ಬಗೆ, ಮರಳಿಸುವ ಬಗೆ

ಹಳಿಯಾಳದಿಂದ ಧಾರವಾಡದ ಕಡೆಗೆ ಸಾಗುವ ಬಯಲು ರಸ್ತೆಗೂ ಜೋಯಿಡಾದ ಘಟ್ಟದ ತಿರುವುಗಳಿಗೂ ಒಂದೇ ಸೈಕಲ್ಲು ಒಪ್ಪದೆಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದೇ ರಸ್ತೆಯಲ್ಲಿ ಓಡಾಡುವ ಇಬ್ಬರ ಕಾಲಿನ ಉದ್ದ ಬೇರೆಬೇರೆಯಾಗಿದ್ದಲ್ಲಿ ಅವರಿಗೂ ಒಂದೇ ಸೈಕಲ್ಲು ಒಪ್ಪಲಾರದೆಂಬುದನ್ನು ನಾವು ಇನ್ನೂ ಮನಸ್ಸಿಗೆ ತಂದುಕೊಂಡಂತಿಲ್ಲ. ೨೦೦೬-೦೭ರಿಂದ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಿದ ಸೈಕಲ್ಲುಗಳಲ್ಲಿ ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಬಂದುದನ್ನು ಏರುವುದು, ಕಾಲು ಎಟಕದಿದ್ದರೆ ಎಟಕುವತನಕ ಕಾಯುವುದು, ಅಷ್ಟೆ. ತಾನೇ ಹಣ ತೆತ್ತು, ಕಣ್ಣಿಂದ ಕಾಣದ ವಸ್ತುವನ್ನು ಮೊಬೈಲಿನ ಗಾಜಿನ ಮೇಲೆ ಬೆರಳೊತ್ತಿ ತರಿಸಿಕೊಳ್ಳುವವನಿಗೆ ಈ ತಾಳ್ಮೆ ಲಾಭದಾಯಕವಲ್ಲ.

ಮೊದಲು ಕಾನೂನಿನ ಮಾತನ್ನು ಹೇಳಿಬಿಡುವುದು ಲೇಸು. ೨೦೨೦ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, ದೋಷಯುಕ್ತವಾದ, ನಕಲಿಯಾದ, ವರ್ಣಿಸಿದ ಗುಣಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆನೆನ್ನುವ ಸ್ವಾತಂತ್ರ್ಯವನ್ನು ಮಾರುವವನಿಗೆ ಕೊಟ್ಟಿಲ್ಲ. ಆದರೆ ಸರ್ವಥಾ ನಿರ್ದೋಷವಾದ ಸೈಕಲ್ಲೊಂದು ನಿಮ್ಮ ಕಾಲಿಗೆ ಎತ್ತರವಾಯಿತೆಂಬ ಕಾರಣ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಮಾರುವವನು ಮೊದಲೇ ಪ್ರಕಟಿಸಿರುವ ವಾಪಸಾತಿಯ ಷರತ್ತುಗಳೇ ಪ್ರಮಾಣ. ಆದಕಾರಣ ಮರಳಿಸುವ ಕಾರ್ಯವು ಕೊಳ್ಳುವುದಕ್ಕೆ ಮುಂಚೆಯೇ ಆರಂಭವಾಗತಕ್ಕದ್ದು.

ಅಳತೆಗೆ ಬೇಕಾದುದು ಒಂದು ಗೋಡೆ, ಒಂದು ದಪ್ಪ ರಟ್ಟಿನ ಪುಸ್ತಕ, ಪೆನ್ಸಿಲು ಮತ್ತು ಟೇಪು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ, ಪಾದಗಳ ನಡುವೆ ಗೇಣಿನಷ್ಟು ಅಂತರವಿಟ್ಟು ನಿಂತು, ಪುಸ್ತಕದ ಬೆನ್ನು ಮೇಲಾಗುವಂತೆ ಅದನ್ನು ತೊಡೆಗಳ ಸಂದಿನಲ್ಲಿ, ಸೀಟಿನ ಮೇಲೆ ಕುಳಿತಾಗ ಎಷ್ಟು ಒತ್ತುವುದೋ ಅಷ್ಟೇ ಒತ್ತಿ ಹಿಡಿದು, ಅದರ ಮೇಲಂಚಿನ ನೇರಕ್ಕೆ ಇನ್ನೊಬ್ಬರಿಂದ ಗೋಡೆಗೆ ಗೆರೆ ಎಳೆಸಬೇಕು. ನೆಲದಿಂದ ಆ ಗೆರೆಯವರೆಗಿನ ಎತ್ತರವೇ ಒಳಗಾಲಿನ ಅಳತೆ. ದರ್ಜಿಯು ಪ್ಯಾಂಟಿಗೆ ಬರೆದುಕೊಳ್ಳುವ ಅಳತೆಯನ್ನು ಇದರ ಬದಲಿಗೆ ಉಪಯೋಗಿಸಲಾಗದು, ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಈ ಅಳತೆ ೭೫ ಸೆಂಟಿಮೀಟರೆಂದು ಇಟ್ಟುಕೊಂಡರೆ, ಅದನ್ನು ೦.೬೬ರಿಂದ ಗುಣಿಸಿದಾಗ ಬರುವ ಸುಮಾರು ೫೦ ಸೆಂಟಿಮೀಟರು ರಸ್ತೆಯ ಸೈಕಲ್ಲಿನ ಫ್ರೇಮಿನ ಅಳತೆ. ಕಾಡುದಾರಿಯ ಮೌಂಟನ್ ಬೈಕಿಗಾದರೆ ೦.೨೨೫ರಿಂದ ಗುಣಿಸಿ, ಬಂದ ಅಂಕಿಯನ್ನು ಅಂಗುಲವೆಂದು ಎಣಿಸಿದರೆ ಸುಮಾರು ೧೭. ಇವು ದಾರಿ ತೋರುವ ಅಂಕಿಗಳೇ ಹೊರತು ವೇದವಾಕ್ಯಗಳಲ್ಲ.

ಇಲ್ಲಿ ಬಹುಜನರು ಎಡವುವ ಸ್ಥಳವೊಂದುಂಟು. ಮಾರಾಟದ ಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವ ೨೬, ೨೭.೫, ೨೯ ಎಂಬ ಅಂಗುಲಗಳು ಗಾಲಿಯವೇ ಹೊರತು ಫ್ರೇಮಿನವಲ್ಲ; ಫ್ರೇಮಿನ ಅಳತೆ ಅದೇ ಪುಟದ ತಳದ ಪಟ್ಟಿಯಲ್ಲೆಲ್ಲೋ ಅಡಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಅದಕ್ಕಿಂತಲೂ ಮುಖ್ಯವಾದುದು ನೆಲದಿಂದ, ಸೀಟಿಗೂ ಹ್ಯಾಂಡಲಿಗೂ ನಡುವಿನ ಬಾರಿನವರೆಗಿನ ಎತ್ತರ. ಎರಡೂ ಪಾದಗಳನ್ನು ನೆಲಕ್ಕೂರಿ ಬಾರಿನ ಮೇಲೆ ನಿಂತಾಗ ರಸ್ತೆಯ ಸೈಕಲ್ಲಿಗೆ ಎರಡು ಮೂರು ಸೆಂಟಿಮೀಟರು, ಕಾಡುದಾರಿಯದಕ್ಕೆ ಐದಾದರೂ ತೆರಪು ಉಳಿಯಬೇಕು. ಈ ಎತ್ತರವನ್ನು ಕೊಟ್ಟಿಲ್ಲವಾದರೆ ಮಾರುವವನನ್ನು ಪುಟದಲ್ಲಿಯೇ ಲಿಖಿತವಾಗಿ ಕೇಳಿ, ಉತ್ತರದ ಚಿತ್ರವನ್ನು ಮೊಬೈಲಿನಲ್ಲಿ ಕಾದಿರಿಸಿಕೊಳ್ಳತಕ್ಕದ್ದು. ಏಕೆಂದರೆ ೭೦ ಎಂದು ಹೇಳಿ ೭೬ರದನ್ನು ಕಳುಹಿಸಿದರೆ, ನಿಮ್ಮ ದೂರು ‘ನನಗೆ ಹೊಂದಲಿಲ್ಲ’ ಎಂಬ ದುರ್ಬಲ ವಾದವಾಗಿ ಉಳಿಯದೆ ‘ವರ್ಣಿಸಿದಂತಿಲ್ಲ’ ಎಂಬ ಬಲವಾದ ಕಾರಣವಾಗಿ ಮಾರ್ಪಡುತ್ತದೆ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಡಿ.

ಅನಂತರ ವಾಪಸಾತಿಯ ಷರತ್ತು. ಹಣ ಮರಳಿಸುವುದು ಬೇರೆ, ಬದಲಿ ಕೊಡುವುದು ಬೇರೆ, ಮುರಿದ ಬಿಡಿಭಾಗವನ್ನಷ್ಟೇ ಕಳುಹಿಸುವುದು ಬೇರೆ. ಮೂರನ್ನೂ ಒಂದೇ ಎಂದು ಭ್ರಮಿಸಬಾರದು. ಪಿನ್‌ಕೋಡು ಹಾಕಿದಾಗ ‘ತಲಪಿಸುತ್ತೇವೆ’ ಎಂಬ ಉತ್ತರ ಬಂದ ಮಾತ್ರಕ್ಕೆ, ಅದೇ ಮನೆಯಿಂದ ಹೊತ್ತೊಯ್ಯುತ್ತಾರೆಂಬ ಭರವಸೆಯಿಲ್ಲ, ಅದನ್ನೂ ಕೇಳಬೇಕು. ಅಣಶಿ, ಉಳವಿ, ಕುಂಬಾರವಾಡಗಳ ಕಡೆಯವರಿಗೆ ದಾಂಡೇಲಿಯಲ್ಲಿಯೋ ಹಳಿಯಾಳದಲ್ಲಿಯೋ ಇರುವ ನಂಟರ ವಿಳಾಸವನ್ನು ಕೊಡುವುದೇ ಸುಲಭ. ಹಿರಿಯರು ತಾಲೂಕನ್ನು ಇಂದಿಗೂ ಸೂಪಾ ಎಂದೇ ಕರೆಯುವುದುಂಟು; ಆದರೆ ಆ ಊರು ಕಾಳಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರುವುದರಿಂದ, ಪೆಟ್ಟಿಗೆ ತರುವ ಹುಡುಗನಿಗೆ ಜೋಯಿಡಾ ಎಂದು ಬರೆಯುವುದೇ ಉಪಕಾರ.

ಪೆಟ್ಟಿಗೆ ಬಂದಾಗ, ಮೇಲಣ ಚೀಟಿ ಕಾಣುವಂತೆ ಆರಂಭಿಸಿ, ಕೊನೆಯ ಸ್ಪಂಜು ತೆಗೆಯುವತನಕ ಅಖಂಡವಾದ ವಿಡಿಯೊ ಮಾಡಿಸಿ. ಪೆಡಲಿನ ತೋಳುಗಳು ತಿರುಗುವ ಅಚ್ಚಿನ ಕೆಳಗೆ, ಫ್ರೇಮಿನ ಅಡಿಯಲ್ಲಿ ಸಾಮಾನ್ಯವಾಗಿ ಕೊರೆದಿರುವ ಸಂಖ್ಯೆಯನ್ನು ಬರೆದುಕೊಳ್ಳಿ. ಖಾಲಿ ಪೆಟ್ಟಿಗೆಯನ್ನು ಜಗಲಿಗೆ ಎಸೆಯಬಾರದು. ಆಷಾಢದ ಜೋಯಿಡಾದಲ್ಲಿ ರಟ್ಟು ಎರಡೇ ದಿನದಲ್ಲಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುವುದು, ಪೆಟ್ಟಿಗೆಯಿಲ್ಲದ ಸೈಕಲ್ಲನ್ನು ಒಯ್ಯಲು ಬಂದವನು ತಲೆಯಾಡಿಸಿ ಹೊರಟುಹೋಗುವನು. ಒಲೆಯ ಮೇಲಣ ಅಟ್ಟವೇ ಅದಕ್ಕೆ ತಕ್ಕ ಸ್ಥಳ.

ಇನ್ನು ಪರೀಕ್ಷೆ. ಆತುರಪಟ್ಟು ಪೇಟೆಯ ಮಿಸ್ತ್ರಿಯ ಕೈಗೆ ಕೊಡದೆ, ಮನೆಯೊಳಗೆ ಚಾಪೆ ಹಾಸಿ ಮುಂದಿನ ಗಾಲಿ, ಹ್ಯಾಂಡಲು, ಸೀಟುಗಳನ್ನಷ್ಟೇ ಕೂಡಿಸಿ, ಪೆಡಲುಗಳನ್ನು ಹಾಗೆಯೇ ಬಿಡಿ. ಸ್ಪ್ಯಾನರು ಮುಟ್ಟಿದ ಗುರುತು, ಟೈರಿನ ಕೆಮ್ಮಣ್ಣು ಇವೆರಡೂ ‘ಉಪಯೋಗಿಸಿದ ವಸ್ತು’ ಎಂಬ ಆಕ್ಷೇಪಕ್ಕೆ ಎಡೆಗೊಡುವವು. ಮುಂದಿನ ಫೋರ್ಕು ತಿರುವುಮುರುವಾಗಿಲ್ಲವೆಂದು ನೋಡಿಕೊಳ್ಳಿ. ತಿರುವುಮುರುವಾಗಿದ್ದರೆ ಸರಿಯಾದ ಸೈಕಲ್ಲೂ ಮೋಟಾಗಿ ತೋರುತ್ತದೆ. ದಿನವೂ ಮೆಟ್ಟುವ ಚಪ್ಪಲಿಯಲ್ಲಿಯೇ ಬಾರಿನ ಮೇಲೆ ನಿಂತು ತೆರಪನ್ನು ಅಳೆಯಿರಿ. ಪೆಡಲಿನ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಒಳಗಾಲಿನ ಅಳತೆಯ ೦.೮೮೩ರಷ್ಟು, ೭೫ರವರಿಗೆ ೬೬ ಸೆಂಟಿಮೀಟರು, ಇರಬೇಕು. ಅಷ್ಟಕ್ಕೇರಿಸುವಾಗ ಸೀಟುಗೊಳವೆಯ ಮೇಲಿನ ಎಚ್ಚರಿಕೆಯ ಗೆರೆ ಹೊರಗೆ ಕಂಡರೆ ಫ್ರೇಮು ಸಣ್ಣದು. ಹ್ಯಾಂಡಲು ತುಸು ದೂರವೆನಿಸಿದರೆ ಸೀಟನ್ನು ಮುಂದೆ ಸರಿಸಿ ಸುಧಾರಿಸಬಹುದು. ಬಾರೇ ಎತ್ತರವಾದರೆ ಮಾತ್ರ ಮದ್ದಿಲ್ಲ, ಮರಳಿಸತಕ್ಕದ್ದೇ. ಎಲ್ಲವೂ ಹೊಂದಿತೆಂದಾದರೆ ಪೆಡಲು ಜೋಡಿಸಿ. ಎಡಗಡೆಯದು ಗಡಿಯಾರದ ವಿರುದ್ಧ ದಿಕ್ಕಿಗೆ ಬಿಗಿಯಾಗುವುದೆಂಬುದು ನೆನಪಿರಲಿ.

ಮರಳಿಸುವಾಗ ಕೋರಿಕೆಯನ್ನು ಅವಧಿಯೊಳಗೆ ಸಲ್ಲಿಸಿ, ಬಾರಿನ ಎತ್ತರಕ್ಕೆ ಟೇಪು ಹಿಡಿದ ಚಿತ್ರವನ್ನು ಲಗತ್ತಿಸಿ, ಒಯ್ಯುವವನಿಂದ ರಸೀತಿ ಪಡೆಯಿರಿ. ಹಣ ಹಿಂದಿರುಗಿಸುವ ನೆಪದಲ್ಲಿ ಯುಪಿಐ ಪಿನ್ನನ್ನೋ ಓಟಿಪಿಯನ್ನೋ ಕೇಳುವ ಕರೆ ಬಂದರೆ ಅದು ವಂಚನೆ. ಹಣ ಪಡೆಯುವುದಕ್ಕೆ ಪಿನ್ನು ಬೇಕಾಗುವುದಿಲ್ಲ.

ಮಾರುವವನು ಮೊಂಡುಬಿದ್ದರೆ, ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ; ಆತನು ೪೮ ಗಂಟೆಯೊಳಗೆ ದೂರು ತಲಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ನಿಯಮ. ೧೯೧೫ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. ಅದೂ ಫಲಿಸದಿದ್ದಲ್ಲಿ ಕಾರವಾರದ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರುವವನು ಯಾವ ಮಹಾನಗರದವನಾದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ಎರಡು ವರ್ಷದೊಳಗೆ ದಾವೆ ಹೂಡಲು ೨೦೧೯ರ ಅಧಿನಿಯಮವು ಅವಕಾಶವಿತ್ತಿದೆ. ಐದು ಲಕ್ಷ ರೂಪಾಯಿಯವರೆಗೆ ಶುಲ್ಕವಿಲ್ಲ. ಮುಂಡಗೋಡಿನಿಂದ ಘಟ್ಟವಿಳಿದು ಕಾರವಾರಕ್ಕೆ ಹೋಗಿಬರುವ ಶ್ರಮಕ್ಕೆ ಅಂಜುವವರು ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಿ, ವಿಡಿಯೊ ಮೂಲಕ ವಿಚಾರಣೆ ನಡೆಸುವಂತೆ ಅರ್ಜಿಯಲ್ಲಿ ಕೋರಿಕೊಳ್ಳಬಹುದು.