ದೂರದ ಸವಾರಿಗೆ ಹೊರಟ ತರುಣನಿಗೆ

ಗುಡವಿ



ನೀನು ಮೋಟಾರ್‌ಸೈಕಲ್ಲನ್ನೇರಿ ಒಬ್ಬನೇ ನೇಪಾಳಕ್ಕೆ ಹೊರಡುತ್ತಿರುವೆಯೆಂಬ ವಾರ್ತೆಯನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ನಾಡಿನವರಿಗೆ ದೂರದ ದಾರಿ ಹೊಸತಲ್ಲ. 1097ರಲ್ಲಿ ಮಿಥಿಲೆಯಲ್ಲಿ ಕರ್ಣಾಟ ವಂಶವನ್ನು ಸ್ಥಾಪಿಸಿದ ನಾನ್ಯದೇವನ ರಾಜಧಾನಿಯಾದ ಸಿಮ್ರೌನಗಢವು ಇಂದು ನೀನು ಹೋಗಲಿರುವ ಆ ದೇಶದ ಮೇರೆಯೊಳಗೇ ಇದೆ. ಆದುದರಿಂದ ಇಷ್ಟು ದೂರವೇಕೆಂದು ನಾನು ಕೇಳುವುದಿಲ್ಲ. ನನಗಿರುವ ಚಿಂತೆಯೆಲ್ಲ ನಿನ್ನ ಮೊದಲ ಕೆಲವು ದಿನಗಳದು.

ಹೊರಟ ಉತ್ಸಾಹದಲ್ಲಿ ಮೊದಲ ದಿನವೇ ಹುಬ್ಬಳ್ಳಿ, ವಿಜಯಪುರಗಳನ್ನು ಹಿಂದೆ ಹಾಕಿ ಸೊಲ್ಲಾಪುರದಾಚೆಗೆ ಹೋಗಿ ಮಲಗಬೇಕೆಂಬ ಆಸೆ ನಿನಗೂ ಇದ್ದೀತು. ಆ ಆಸೆಯನ್ನು ಬಿಡು. ಮಣಿಕಟ್ಟು, ಸೊಂಟ, ಕುತ್ತಿಗೆಗಳು ದಿನವಿಡೀ ಸವಾರಿಗೆ ಒಗ್ಗುವುದಕ್ಕೂ, ಹೇರಿನ ಭಾರಕ್ಕೆ ಗಾಡಿಯ ನಡೆ ತಿರುವಿನಲ್ಲಿ ಹೇಗೆ ಬದಲಾಗುತ್ತದೆ, ಬ್ರೇಕು ಎಷ್ಟು ಮುಂಚಿತವಾಗಿ ಹಿಡಿಯಬೇಕಾಗುತ್ತದೆ ಎಂಬುದು ಕೈಗೆ ತಿಳಿಯುವುದಕ್ಕೂ, ಬಿಗಿದ ಹಗ್ಗ ಎಲ್ಲಿ ಸಡಿಲುತ್ತದೆಂಬುದು ಕಣ್ಣಿಗೆ ಬೀಳುವುದಕ್ಕೂ ಮೂರು ನಾಲ್ಕು ದಿನಗಳಾದರೂ ಬೇಕು. ಆ ದಿನಗಳಲ್ಲಿ ಅರ್ಧ ದೂರ ಹೋದವನೇ ಮುಂದೆ ಪೂರ್ತಿ ದೂರ ಹೋಗಬಲ್ಲನು. ಪ್ರತಿದಿನ ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿಯನ್ನು ಪರೀಕ್ಷಿಸು, ಚೈನಿಗೆ ಎಣ್ಣೆ ಹಾಕಿ ಅದರ ಬಿಗಿಯನ್ನು ಬೆರಳಿನಿಂದ ಮುಟ್ಟಿ ನೋಡು, ಮತ್ತು ಹೊತ್ತು ಮುಳುಗುವ ಮೊದಲೇ ತಂಗುವ ಸ್ಥಳವನ್ನು ಸೇರಿಕೋ.

ಇಷ್ಟನ್ನು ಕಲಿಯಲು ಹೊರಡುವವರೆಗೆ ಕಾಯಬೇಕಾಗಿಯೂ ಇಲ್ಲ. ನೇಪಾಳಕ್ಕೆ ಒಯ್ಯುವ ಸಾಮಾನನ್ನೆಲ್ಲ ಈಗಲೇ ಕಟ್ಟಿಕೊಂಡು ಒಂದು ದಿನ ಚಂದ್ರಗುತ್ತಿಗೂ, ಮತ್ತೊಂದು ದಿನ ಶಿರಾಳಕೊಪ್ಪದ ಮೇಲೆ ಬಳ್ಳಿಗಾವಿಗೂ ಹೋಗಿ ಬಾ. ಮಳೆ ಬಂದರೆ ಹಿಂತಿರುಗಬೇಡ. ಒದ್ದೆ ರಸ್ತೆಯ ಪಾಠ ನಿನ್ನ ಭಾಷೆಯನ್ನು ಬಲ್ಲವರ ನಡುವೆಯೇ ಆಗಿಹೋಗಲಿ. ಮಧ್ಯೆ ನಮ್ಮ ಕೆರೆಯ ದಂಡೆಯಲ್ಲಿಯೂ ಸ್ವಲ್ಪ ಹೊತ್ತು ನಿಲ್ಲು. ನೀರಿನಲ್ಲಿ ಮುಳುಗಿ ಮೀನನ್ನು ಹಿಡಿದುಬಂದ ಹಾವಕ್ಕಿಯು ನೀರೊಳಗಿನ ಮರದ ಕೊಂಬೆಯನ್ನೇರಿ, ನೆನೆದು ಭಾರವಾದ ರೆಕ್ಕೆಗಳೆರಡನ್ನೂ ಅಗಲಕ್ಕೆ ಚಾಚಿ, ಹಾವಿನಂತಹ ಕತ್ತನ್ನು ಅತ್ತಿತ್ತ ತಿರುಗಿಸುತ್ತ, ಒಣಗುವವರೆಗೆ ಬಿಸಿಲಿನಲ್ಲಿ ಕುಳಿತೇ ಇರುತ್ತದೆ. ನೀನೂ ಎರಡು ಗಂಟೆಗೊಮ್ಮೆ ಹಾಗೆಯೇ ಹೆಲ್ಮೆಟ್ಟು ಜಾಕೆಟ್ಟುಗಳನ್ನು ಕಳಚಿಟ್ಟು ನೆರಳಿನಲ್ಲಿ ಕುಳಿತರೆ ಅದು ಸೋಮಾರಿತನವಲ್ಲ.

ಗೋರಖಪುರವನ್ನು ದಾಟಿ ಸುನೌಲಿಯ ಗಡಿಯನ್ನು ಮುಟ್ಟಿದ ದಿನ ಬೇರೆ ಯಾವ ಊರನ್ನೂ ಗುರಿಯಾಗಿ ಇಟ್ಟುಕೊಳ್ಳಬೇಡ. ಪಾಸ್‌ಪೋರ್ಟೋ ಮತದಾರರ ಗುರುತಿನ ಚೀಟಿಯೋ ಜೊತೆಗಿರಲಿ. ಭಾರತೀಯರಿಗೆ ಅಲ್ಲಿ ವೀಸಾ ಬೇಡವಾದರೂ ಗಾಡಿಗೆ ಸುಂಕದ ಪರವಾನಗಿ ಬೇಕು, ಅದನ್ನು ಅಲ್ಲಿ ಭನ್ಸಾರ್ ಎನ್ನುತ್ತಾರೆ. ಅದರ ಹಣವನ್ನು ದಿನಗಳ ಲೆಕ್ಕದಲ್ಲಿ ಕಟ್ಟಬೇಕಾದುದರಿಂದ, ಮಳೆಗೂ ಗುಡ್ಡ ಜರಿದು ರಸ್ತೆ ಮುಚ್ಚುವುದಕ್ಕೂ ಅವಕಾಶವಿಟ್ಟು, ಒಂದೆರಡು ದಿನ ಹೆಚ್ಚಿಗೆಯೇ ಬರೆಸು. ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿಕೊಂಡು ಭೈರಹವಾದಲ್ಲಿ ತಂಗು. ಸಮೀಪದ ಲುಂಬಿನಿಯಲ್ಲಿ ಅಶೋಕನ ಕಂಬವಿದೆ, ನಮ್ಮ ಬ್ರಹ್ಮಗಿರಿಯ ಬಂಡೆಯಲ್ಲಿ ಬರೆಯಿಸಿದ ಅದೇ ಅರಸನದು. ಅಲ್ಲಿಗೆ ಹೋಗಿಬರುವುದರೊಳಗೆ ಆ ದೇಶದ ರಸ್ತೆಯ ರೀತಿ ನಿನಗೆ ಪರಿಚಯವಾಗಿರುತ್ತದೆ.

ಬುಟವಲ್ ಕಳೆದೊಡನೆ ತಾನ್ಸೇನದ ಮೇಲೆ ಪೋಖರಾಕ್ಕೆ ಹೋಗುವ ಸಿದ್ಧಾರ್ಥ ರಾಜಮಾರ್ಗವು ಬೆಟ್ಟಗಳನ್ನು ಹೊಗುತ್ತದೆ. ಏರಲು ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರಿನಲ್ಲಿರು. ಇಂಜಿನ್ನು ಗಾಡಿಯನ್ನು ಹಿಡಿದರೆ ಬ್ರೇಕು ಕಾಯದೆ ಉಳಿಯುತ್ತದೆ. ಎದುರಿನ ಬಸ್ಸು ತಿರುವಿನಲ್ಲಿ ನಿನ್ನ ಪಾಲಿನ ರಸ್ತೆಯನ್ನೂ ಆಕ್ರಮಿಸಿಕೊಂಡು ಬಂದರೆ ದಾರಿ ಬಿಟ್ಟುಕೊಡು, ಹಿಂದೆ ಹೋಗಿ ನ್ಯಾಯ ಕೇಳಬೇಡ. ತಾಳಗುಂದದ ಶಾಸನದ ಕಥೆ ನಿನಗೆ ಗೊತ್ತು: ಗುರು ವೀರಶರ್ಮನೊಡನೆ ಅಧ್ಯಯನಕ್ಕೆಂದು ಪಲ್ಲವರ ಕಂಚಿಗೆ ಹೋದ ಮಯೂರಶರ್ಮನು ಅಲ್ಲಿಯ ರಾವುತನೊಬ್ಬನೊಡನೆ ಕಲಹವಾಗಿ, ಅವಮಾನವನ್ನು ಸಹಿಸಲಾರದೆ ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದನು. ಆ ಸಿಟ್ಟಿನಿಂದ ಕದಂಬರಾಜ್ಯವು ಹುಟ್ಟಿತೆಂಬುದು ನಮ್ಮೆಲ್ಲರ ಅಭಿಮಾನದ ವಿಷಯವೇ ಸರಿ. ಆದರೆ ನೀನು ಹೊರಟಿರುವುದು ದೇಶವನ್ನು ನೋಡುವುದಕ್ಕೆ, ಮತ್ತು ಭಾಷೆಯೂ ಬಾರದ ಊರಿನಲ್ಲಿ ಜಗಳವಾಡಿದವನಿಗೆ ಸಂಜೆ ಊಟ ಹಾಕುವ ಮನೆಯೂ, ಪಂಕ್ಚರಾದರೆ ಕೈಕೊಡುವ ಜನರೂ ದೂರವಾಗುತ್ತಾರೆ.

ದಿನವೂ ತಂಗಿದ ಊರಿನ ಹೆಸರನ್ನು ಮನೆಗೆ ತಿಳಿಸುವುದನ್ನು ತಪ್ಪಿಸಬೇಡ. ನಿಮ್ಮ ತಾಯಿಯವರು ಅದನ್ನೇ ಕಾಯುತ್ತಿರುತ್ತಾರೆ. ಗಡಿ ದಾಟಿದ ಮೇಲೆ ಇಲ್ಲಿಯ ಸಿಮ್ಮು ನಡೆಯದೆ ಹೋಗಬಹುದಾದುದರಿಂದ ಭೈರಹವಾದಲ್ಲಿಯೇ ಅಲ್ಲಿಯದೊಂದನ್ನು ಕೊಂಡು, ಆ ನಂಬರನ್ನು ನನಗೂ ಕಳುಹಿಸು.

ಇತಿ,
ನಿನ್ನ ಶ್ರೇಯೋಭಿಲಾಷಿ