ಕುಡಿತ ಬಿಡಿಸಲು ಹೊರಟವರಿಗೆ

ಮನೆಯಲ್ಲಿ ಕುಡಿಯುವವರಿದ್ದರೆ, ಮೊದಲು ಅವರಿಂದ ಆಣೆ ಹಾಕಿಸುವುದನ್ನು ಬಿಡಿ. ಮಕ್ಕಳ ತಲೆ ಮುಟ್ಟಿ ಮಾಡಿದ ಆಣೆ ಸಂಜೆಗೆ ಮುರಿಯುತ್ತದೆ. ನೀವು ಅಳುತ್ತೀರಿ, ಅವರು ಆ ನಾಚಿಕೆಗೇ ಇನ್ನಷ್ಟು ಕುಡಿಯುತ್ತಾರೆ. ಆಣೆ ಮಾಡುವ ಹೊತ್ತಿನಲ್ಲಿ ಅವರು ಸುಳ್ಳು ಹೇಳಿರುವುದಿಲ್ಲ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಬೆಳಗ್ಗೆ ಕೈ ನಡುಗಿ, ಒಂದು ಗುಟುಕು ಒಳಗೆ ಹೋದ ಮೇಲೆ ನಡುಕ ನಿಲ್ಲುತ್ತದೆ ಎಂದಾದರೆ ಅದು ಕಾಯಿಲೆಯೆಂದು ತಿಳಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಅದಿದೆ. "ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಗಾದೆಯನ್ನು ಇಲ್ಲಿಗೆ ಎಳೆದು ತರಬೇಡಿ. ಕುಡಿತ ಯಾರ ಹುಟ್ಟುಗುಣವೂ ಅಲ್ಲ.

ನೀವು ಮಾಡುವ ದೊಡ್ಡ ತಪ್ಪು, ಇವತ್ತಿನಿಂದಲೇ ಒಂದು ತೊಟ್ಟೂ ಕೊಡುವುದಿಲ್ಲ ಎಂದು ಕೋಣೆಯಲ್ಲಿ ಕೂಡಿಹಾಕುವುದು. ಆತುರಗಾರನಿಗೆ ಬುದ್ಧಿ ಮಟ್ಟ. ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಆರರಿಂದ ಹನ್ನೆರಡು ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದಂತಾಗುತ್ತದೆ: ಇಲ್ಲದ ಹುಳು ಹುಪ್ಪಟೆ ಕಾಣುತ್ತವೆ, ಮನೆಯವರ ಗುರುತು ಸಿಗುವುದಿಲ್ಲ, ಎದ್ದು ಓಡಲು ನೋಡುತ್ತಾರೆ. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಓಡಬೇಡಿ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಪ್ರಾಣವೇ ಹೋಗಬಹುದು. ಅಯ್ಯಪ್ಪನ ಮಾಲೆ ಹಾಕಿದ ದಿನವೇ ನಿಲ್ಲಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ವ್ರತ ಮಾಡಲಿ, ಆದರೆ ಅದಕ್ಕೆ ಮುಂಚೆ ವೈದ್ಯರನ್ನು ಕಾಣಲಿ. ನಡುಕ, ಫಿಟ್ಸ್ ಬಾರದಂತೆ ಮಾತ್ರೆ ಕೊಟ್ಟು, ಅದನ್ನು ದಿನೇದಿನೇ ಇಳಿಸುತ್ತಾ ಬರುತ್ತಾರೆ. ಸರಿಯಾಗಿ ಉಣ್ಣದೆ ಕುಡಿದವರಿಗೆ ಬಿ1 ಜೀವಸತ್ವದ ಇಂಜೆಕ್ಷನ್ನೂ ಬೇಕಾಗುತ್ತದೆ. ಅದು ತೀರಾ ಕಡಿಮೆಯಾದರೆ ಮಿದುಳಿಗೆ ಏಟು ಬಿದ್ದು ನೆನಪಿನ ಶಕ್ತಿಯೇ ಹೋಗಿಬಿಡಬಹುದು.

ಇನ್ನೊಂದು ಮಾತು. ಕಾಲು ಮುರಿದೋ, ಆಪರೇಷನ್ನಿಗೋ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ "ಕುಡಿತಾರಾ?" ಎಂದು ಡಾಕ್ಟರು ಕೇಳಿದರೆ ಮಾನ ಉಳಿಸಲು ಹೋಗಿ "ಅಪರೂಪಕ್ಕೆ" ಎನ್ನಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯದಾಗಿ ಕುಡಿದದ್ದು ಯಾವಾಗ, ಎಲ್ಲವನ್ನೂ ಹೇಳಿಬಿಡಿ. ನೀವು ಮುಚ್ಚಿಟ್ಟದ್ದು ಮೂರನೆಯ ದಿನ ವಾರ್ಡಿನಲ್ಲಿ ರಂಪವಾಗಿ ಹೊರಬರುತ್ತದೆ.

ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ "ಅವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ" ಎಂದಿರುತ್ತದಲ್ಲ, ಆ ಪುಡಿ ತಂದು ಸಾರಿನಲ್ಲಿ ಕಲಸಬೇಡಿ ತಾಯಿ. ಡೈಸಲ್ಫಿರಾಂ ಎಂಬ ಮಾತ್ರೆಯೊಂದಿದೆ, ಆ ಪುಡಿಯಲ್ಲಿ ಅದೇ ಬೆರೆತಿರಬಹುದು. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯವಿರಬಹುದು. ಆದ್ದರಿಂದಲೇ ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರು ಕೊಡಬೇಕಾದ ಔಷಧ ಅದು. ಗುಟ್ಟಾಗಿ ಕೊಟ್ಟವರಿಗೆ ಹೆಣದ ಮುಂದೆ ಕೂರುವ ಗತಿ ಬರಬಹುದು.

ಮನೆಯಲ್ಲಿ ನೀವು ನಡೆದುಕೊಳ್ಳುವುದೂ ಸ್ವಲ್ಪ ಬದಲಾಗಬೇಕು. ಅವರ ಆಫೀಸಿಗೆ ಫೋನ್ ಮಾಡಿ ಜ್ವರ ಎಂದು ಸುಳ್ಳು ಹೇಳುವುದು, ಬಾರಿನ ಸಾಲ ತೀರಿಸುವುದು ಇನ್ನು ಸಾಕು. ಮಾಡಿದ್ದುಣ್ಣೋ ಮಾರಾಯ ಎಂಬುದು ಅವರಿಗೂ ಒಂದಿಷ್ಟು ತಟ್ಟಲಿ. ಅಮಲಿನಲ್ಲಿದ್ದಾಗ ಬುದ್ಧಿ ಹೇಳಬೇಡಿ, ಬೆಳಗ್ಗೆ ತಲೆ ತಿಳಿಯಾದಾಗ ಕೂರಿಸಿಕೊಂಡು ಹೇಳಿ. ಕೈ ಎತ್ತಿದರೆ ಮಾತ್ರ ತಾಳ್ಮೆಯ ಗಾದೆಗಳನ್ನೆಲ್ಲ ಮರೆತು, ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ, 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ. ಇನ್ನು, ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವ ತಂದೆತಾಯಿಗಳೇ, ಯಾರದೋ ಮಗಳನ್ನು ತಂದು ನಿಮ್ಮ ಮಗನಿಗೆ ಔಷಧಿ ಮಾಡಬೇಡಿ. ಅದು ಪಾಪದ ಕೆಲಸ.

ಬಿಟ್ಟವರು ಮತ್ತೆ ಕುಡಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ನಡೆಯುವವರು ಎಡವುತ್ತಾರಲ್ಲದೆ ಕುಳಿತವರು ಎಡವುತ್ತಾರೆಯೇ? ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ಮತ್ತೆ ಡಾಕ್ಟರ ಬಳಿ ಹೋಗುವುದಿಲ್ಲವೇ, ಇದೂ ಹಾಗೆಯೇ. ಮೊದಲ ವರ್ಷ ಸಂಬಳದ ದಿನ, ಬೀಗರೂಟ, ಹಳೆಯ ಗೆಳೆಯರ ಫೋನು, ಇವುಗಳ ಮೇಲೆ ಕಣ್ಣಿಡಿ. "ಒಂದೇ ಪೆಗ್" ಎಂದು ಒತ್ತಾಯಿಸುವ ಭಾವಮೈದುನನನ್ನು ಮುಲಾಜಿಲ್ಲದೆ ಗದರಿ. ಕುಡಿತ ಬಿಟ್ಟವರ ಜೊತೆ ಕುಡಿತ ಬಿಟ್ಟವರೇ ಇದ್ದರೆ ಬಲ ಹೆಚ್ಚು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ನಮ್ಮಲ್ಲೂ ನಡೆಯುತ್ತವೆ, ಶುಲ್ಕವಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಗಳಿಗೂ ಬಂದಿವೆ. ಕೈ ನಡುಗುವವರಾದರೆ ಶಿಬಿರಕ್ಕೆ ಸೇರಿಸುವ ಮೊದಲೂ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರನ್ನು ಕೇಳಿ ನೋಡಿ. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿಯುವವರು ಒಪ್ಪಲಿ ಎಂದು ಕಾಯುತ್ತಾ ಕೂರಬೇಡಿ, ಮೊದಲ ಫೋನನ್ನು ನೀವೇ ಮಾಡಿ.