ಔರಿಯ ಏಳು ದಿನ

ಅಮೆರಿಕದ ಪ್ಯಾಟ್ರಿಕ್ ರಾತ್‌ಫಸ್ ಅವರ ‘ದ ಸ್ಲೋ ರಿಗಾರ್ಡ್ ಆಫ್ ಸೈಲೆಂಟ್ ಥಿಂಗ್ಸ್’ 2014ರಲ್ಲಿ ಬಂದ ಪುಟ್ಟ ಕಿರುಕಾದಂಬರಿ. ಈ ಪುಸ್ತಕ ನಿಮಗೆ ಬೇಡವಾಗಬಹುದು ಎಂದು ಮುನ್ನುಡಿಯಲ್ಲಿ ಲೇಖಕರೇ ಎಚ್ಚರಿಸುತ್ತಾರೆ. ಬರೀ ವಿನಯದ ಮಾತು ಅಂದುಕೊಳ್ಳಬೇಡಿ. ಹೊಸಬರು ಮೊದಲು ಓದಬೇಕಾದದ್ದು ಅವರದೇ 2007ರ ‘ದ ನೇಮ್ ಆಫ್ ದ ವಿಂಡ್’.

ಅದರ ನಾಯಕ ಕ್ವೋಥ್, ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅವನು ಒಬ್ಬನೇ ಕೂತು ಲೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದರೆ, ಕಟ್ಟಡಗಳ ಅಡಿಯ ಸುರಂಗಗಳಲ್ಲಿ ಬದುಕುವ ಹುಡುಗಿಯೊಬ್ಬಳು ಕದ್ದು ಕೇಳುತ್ತಾಳೆ. ಅವಳಿಗೆ ಔರಿ ಎಂದು ಹೆಸರಿಟ್ಟವನು ಅವನೇ. ಆ ದಪ್ಪ ಪುಸ್ತಕದಲ್ಲಿ ಅವಳ ಪಾಲಿಗೆ ಬಂದ ಪುಟಗಳು ಕೆಲವೇ. ಓದುಗರು ಮನಸೋತದ್ದು ಮಾತ್ರ ಅವಳಿಗೆ. ಈ ಕಿರುಕಾದಂಬರಿ ಪೂರ್ತಿ ಅವಳದ್ದೇ.

ನಮ್ಮಲ್ಲಿ ಯಾರಾದರೂ ಊರ್ಮಿಳೆಯ ಕಥೆ ಬರೆದರೆ ಲಕ್ಷ್ಮಣನಿಗೆ ಒಂದೆರಡು ಖಾರವಾದ ಪ್ರಶ್ನೆ ಕೇಳಿಸದೆ ಬಿಡುವುದಿಲ್ಲ. ಇಲ್ಲಿ ಅಂಥದ್ದೇನೂ ಇಲ್ಲ. ನಾಯಕನ ಹೆಸರೂ ಬರುವುದಿಲ್ಲ. ಏಳನೆಯ ದಿನ ‘ಅವನು’ ಬರುತ್ತಾನೆ, ಅಷ್ಟರಲ್ಲಿ ಅವನಿಗೆ ತಕ್ಕ ಉಡುಗೊರೆ ಸಿದ್ಧವಾಗಬೇಕು. ಕಥೆ ಅಂತ ಇರುವುದು ಇಷ್ಟೇ. ಸಂಭಾಷಣೆ ಇಲ್ಲ, ಕಾಳಗ ಇಲ್ಲ.

ಹಾಗಾದರೆ ಓದುವುದೇನನ್ನು? ಒಂದು ಹಲ್ಲುಚಕ್ರದ ಕಥೆಯನ್ನೇ ನೋಡಿ. ಔರಿ ಕತ್ತಲ ನೀರಿಗೆ ಧುಮುಕಿ ಆ ಹಿತ್ತಾಳೆಯ ಚಕ್ರ ತರುತ್ತಾಳೆ. ಭಾರವಾದದ್ದು, ಒಂದು ಹಲ್ಲು ಮುರಿದದ್ದು. ಅದನ್ನು ಎದೆಗವುಚಿಕೊಂಡು ಕೋಣೆಯಿಂದ ಕೋಣೆಗೆ ಅಲೆಯುತ್ತಾಳೆ. ಮ್ಯಾಂಟಲ್, ಪೋರ್ಟ್, ವ್ಯಾನ್ ಎಂದೆಲ್ಲ ಕೋಣೆಗಳಿಗೆ ಹೆಸರಿಟ್ಟಿದ್ದಾಳೆ. ಚಕ್ರವನ್ನು ಇಲ್ಲಿಟ್ಟರೆ ಅದಕ್ಕೆ ನೆಮ್ಮದಿಯೇ? ಕೊಂಚ ತಿರುಗಿಸಿದರೆ? ನಮಗಾದರೆ ಅದು ಗುಜರಿ. ಅವಳಿಗೆ ಮನೆಗೆ ಬಂದ ನೆಂಟ. ಜಾಗ ಸಿಗುವವರೆಗೆ ಅವಳಿಗೂ ಸಮಾಧಾನವಿಲ್ಲ, ಮೆಲ್ಲಗೆ ನಮಗೂ ಇಲ್ಲ.

ಇದೊಂದು ಮಾನಸಿಕ ಕಾಯಿಲೆ ಎಂದು ಹೆಸರಿಡಲು ನಿಮಗೆ ಆಸೆಯಾಗುತ್ತದೆ. ಸ್ವಲ್ಪ ತಡೆಯಿರಿ. ಅವಳ ಮನಸ್ಸಿಗೆ ಪೆಟ್ಟುಬಿದ್ದಿರುವುದು ನಿಜ. ಆದರೆ ಅವಳು ಸಾಬೂನು ಮಾಡುವ ಭಾಗಕ್ಕೆ ಬನ್ನಿ: ಬೂದಿ, ಕೊಬ್ಬು, ಹದ, ಹೀಗೆ ಪುಟಗಟ್ಟಲೆ. ಬೇಸರವಾಯಿತು ಎಂದು ಹಲವರು ಗೊಣಗುವುದು ಇಲ್ಲೇ. ನನಗೆ ಪುಸ್ತಕದ ಜೀವಾಳವೂ ಇಲ್ಲೇ. ಈ ಕೈ ರಸವಿದ್ಯೆ ಕಲಿತ ಕೈ ಎಂಬುದು ಗೊತ್ತಾಗುತ್ತದೆ. ತನ್ನ ಇಷ್ಟಕ್ಕೆ ತಕ್ಕಂತೆ ಜಗತ್ತನ್ನೇ ಬಗ್ಗಿಸುವ ಶಕ್ತಿಯೂ ಅವಳಿಗಿದೆ. ಹಾಗೆ ಬಗ್ಗಿಸುವುದು ಅಹಂಕಾರ ಎಂದು ತಿಳಿದೇ ಅವಳು ಹಸಿದುಕೊಂಡು, ಯಾರಿಗೂ ಕಾಣದಂತೆ ಇದ್ದಾಳೆ. ಈ ಸಂಯಮ ಕಣ್ಣಿಗೆ ಬಿದ್ದರೆ, ಉಡುಗೊರೆಗಾಗಿ ಅವಳು ಕೊನೆಗೆ ಏನು ಮಾಡುತ್ತಾಳೆ ಎಂಬುದು ಎಷ್ಟು ದೊಡ್ಡ ಮಾತು ಎಂದು ತಿಳಿಯುತ್ತದೆ.

ದಿನಕ್ಕೊಂದು ಅಧ್ಯಾಯ ಸಾಕು. ನೇಟ್ ಟೇಲರ್ ಬರೆದ ಚಿತ್ರಗಳ ಮುಂದೆ ಸ್ವಲ್ಪ ನಿಲ್ಲಿ. ಲೇಖಕರ ಹಿನ್ನುಡಿಯನ್ನು ಮಾತ್ರ ಮೊದಲೇ ತಿರುವಿಹಾಕಬೇಡಿ. ಇಂಥ ಕಥೆಯನ್ನು ಪ್ರಕಟಿಸಲು ಅವರಿಗೇ ಎಷ್ಟು ಅಳುಕಿತ್ತು ಎಂಬುದು ಅದರಲ್ಲಿದೆ. ಕಥೆ ಮುಗಿಸಿದ ಮೇಲೆ ಓದಿದರೇ ರುಚಿ.